ಮಾಳಿಗೆಯ ಮೇಲಿನ ಕಾಗದದ ಉದ್ಯಮ

ಅಮೆರಿಕದ ಕೈಗಾರಿಕೆಗಳ ಚರಿತ್ರೆಯನ್ನು ಹೇಳುವವರು ಕಬ್ಬಿಣ, ಕಲ್ಲಿದ್ದಲು, ರೈಲುದಾರಿಗಳಿಂದ ಪ್ರಾರಂಭಿಸುವುದು ವಾಡಿಕೆ. ಕತ್ತರಿ, ಅಂಟು, ಬಣ್ಣದ ಕಾಗದ ಇಷ್ಟರಿಂದಲೇ ಬೆಳೆದ ಒಂದು ವ್ಯಾಪಾರದ ವೃತ್ತಾಂತವನ್ನು ನಾನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ. ಅದು ನಡೆದದ್ದು ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ನಗರದಲ್ಲಿ. ನಡೆಸಿದವಳು ಎಸ್ತರ್ ಹೌಲೆಂಡ್ ಎಂಬಾಕೆ.

ಆಕೆ ಹುಟ್ಟಿದ್ದು 1828ರಲ್ಲಿ. ತಂದೆ ಆ ಊರಿನಲ್ಲಿ ಪುಸ್ತಕ ಮತ್ತು ಬರವಣಿಗೆಯ ಸಾಮಗ್ರಿಗಳ ದೊಡ್ಡ ಅಂಗಡಿಯನ್ನಿಟ್ಟಿದ್ದನು. ಮೌಂಟ್ ಹೋಲಿಯೋಕ್ ಸ್ತ್ರೀವಿದ್ಯಾಲಯದಲ್ಲಿ ವ್ಯಾಸಂಗವನ್ನು ಮುಗಿಸಿ 1847ರಲ್ಲಿ ಆಕೆ ಮನೆಗೆ ಹಿಂದಿರುಗಿದಳು. ಫೆಬ್ರವರಿ 14ರ ವ್ಯಾಲೆಂಟೈನ್ ಹಬ್ಬದಂದು ಒಲಿದವರಿಗೆ ಚಿತ್ರದೋಲೆಗಳನ್ನು ಕಳುಹಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಹಳೆಯದು. 1840ರಲ್ಲಿ ಪೆನ್ನಿ ಅಂಚೆ ಬಂದ ಮೇಲೆ ಅದು ಬಹಳವಾಗಿ ಹರಡಿತು. ಅಮೆರಿಕದಲ್ಲಿಯೂ 1845ರ ಕಾನೂನು ಅಂಚೆಯ ದರವನ್ನು ಇಳಿಸಿತ್ತು. ಆ ವಿದ್ಯಾಲಯದ ಸ್ಥಾಪಕಿ ಮೇರಿ ಲಯನ್ ಎಂಬಾಕೆಗೆ ಮಾತ್ರ ಈ ಓಲೆಗಳು ಹಿಡಿಸುತ್ತಿರಲಿಲ್ಲ. 1848ರಲ್ಲಿ ವಿದ್ಯಾರ್ಥಿನಿಯರು ಅವನ್ನು ಕಳುಹಿಸಕೂಡದೆಂದು ವಿಧಿಸಿದ್ದಳು. ಗುರುವಿಗೆ ಒಲ್ಲದ್ದೇ ಶಿಷ್ಯೆಗೆ ಉದ್ಯೋಗವಾದದ್ದು ವಿನೋದವಲ್ಲವೆ?

ತಂದೆಯ ವ್ಯಾಪಾರದ ಸಂಬಂಧದಿಂದ ಆಕೆಗೆ ಇಂಗ್ಲೆಂಡಿನ ಅಂಥ ಓಲೆಯೊಂದು ಬಂದಿತು. ಅಂಚಿನಲ್ಲಿ ಜಾಲರಿಯಂತೆ ಕೊರೆದ ಕಾಗದ, ನಡುವೆ ಹೂಗಳು. ಇದನ್ನು ತಾನೂ ಮಾಡಬಲ್ಲೆನೆಂದು ಆಕೆಗೆ ತೋರಿತು. ಸಾಮಗ್ರಿಗಳನ್ನು ತರಿಸಿಕೊಂಡು ಒಂದು ಡಜನ್ ಮಾದರಿಗಳನ್ನು ಸಿದ್ಧಪಡಿಸಿ, ಅಂಗಡಿಯ ಪರವಾಗಿ ಊರೂರು ತಿರುಗುತ್ತಿದ್ದ ಸಹೋದರನ ಕೈಗೆ ಕೊಟ್ಟಳು. 200 ಡಾಲರುಗಳ ಬೇಡಿಕೆ ಬಂದರೆ ಸಾಕೆಂದು ಆಕೆಯ ಎಣಿಕೆ. ಅವನು 5,000 ಡಾಲರುಗಳಿಗೂ ಮಿಕ್ಕ ಬೇಡಿಕೆಯನ್ನು ತಂದನೆಂದು ಹೇಳುತ್ತಾರೆ. ಹೀಗೆ ಗುಂಡಾಗಿರುವ ಅಂಕಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಆದರೆ 1850ನೆಯ ಫೆಬ್ರವರಿ 5ರಂದು ವೂಸ್ಟರಿನ ‘ಸ್ಪೈ’ ಪತ್ರಿಕೆಯಲ್ಲಿ ಆಕೆಯ ಜಾಹೀರಾತು ಅಚ್ಚಾದದ್ದು ನಿಜ.

ಒಬ್ಬಳ ಕೈಯಿಂದ ಪೂರೈಸುವ ಕೆಲಸವಲ್ಲ. ಗೆಳತಿಯರನ್ನು ಕರೆದು, ಮನೆಯ ಮೇಲಣ ಅಂತಸ್ತಿನಲ್ಲಿ ಉದ್ದನೆಯ ಮೇಜನ್ನು ಹಾಕಿಸಿದಳು. ಒಬ್ಬಳು ಚಿತ್ರಗಳನ್ನು ಕತ್ತರಿಸುವಳು, ಮತ್ತೊಬ್ಬಳು ಹಿನ್ನೆಲೆಯನ್ನು ಕೂಡಿಸುವಳು, ಇನ್ನೊಬ್ಬಳು ಅಂಟಿಸುವಳು. ಮೂಲ ಮಾದರಿ ಮಾತ್ರ ಹೌಲೆಂಡಳದೇ. ಮನೆ ಬಿಟ್ಟು ಬರಲಾರದ ಹೆಂಗಸರಿಗೆ ಸಾಮಗ್ರಿಯನ್ನೂ ಮಾದರಿಯನ್ನೂ ಪೆಟ್ಟಿಗೆಯಲ್ಲಿಟ್ಟು ಬಂಡಿಯಲ್ಲಿ ಕಳುಹಿಸಿ, ವಾರ ಕಳೆದ ಮೇಲೆ ಮುಗಿದ ಕೆಲಸವನ್ನು ತರಿಸಿಕೊಳ್ಳುತ್ತಿದ್ದಳು. ಬಿಳಿಯ ಜಾಲರಿಯ ಕೆಳಗೆ ಬಣ್ಣದ ಕಾಗದದ ಬಿಲ್ಲೆಯನ್ನಿಟ್ಟು ಹೊಳಪನ್ನು ತರುವುದು, ಪದರಗಳನ್ನು ಒಂದರ ಮೇಲೊಂದು ಎತ್ತಿ ನಿಲ್ಲಿಸುವುದು ಆಕೆಯ ಕೈಚಳಕ. ಉಳಿದು ಬಂದಿರುವ ಹಲವು ಓಲೆಗಳ ಹಿಂಬದಿಯಲ್ಲಿ ಕೆಂಪು ‘ಎಚ್’ ಅಕ್ಷರದ ಸಣ್ಣ ಗುರುತಿದೆ. ಅಂಟಿಸಿದ ಹೆಂಗಸರ ಹೆಸರುಗಳನ್ನು ಅಲ್ಲಿ ಹುಡುಕಿ ಫಲವಿಲ್ಲ.

ಅಮೆರಿಕದಲ್ಲಿ ಇಂಥ ಓಲೆಗಳನ್ನು ಮೊದಲು ಮಾಡಿದವಳು ಈಕೆಯೇ ಎಂಬ ಮಾತು ಪ್ರಚಾರದಲ್ಲಿದ್ದರೂ ಅದು ಸರಿಯಲ್ಲ. ಆಕೆಗಿಂತ ಮುಂಚೆಯೂ ಮಾಡಿ ಮಾರಿದವರಿದ್ದರು. ಮನೆಯ ಕೈಗೆಲಸವನ್ನು ಕ್ರಮಬದ್ಧವಾದ ವ್ಯಾಪಾರವಾಗಿ ನಿಲ್ಲಿಸಿದ್ದರಲ್ಲಿಯೇ ಆಕೆಯ ಹೆಚ್ಚಳ.

1866ರಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದು ಆಕೆ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಕೆಲಸ ನಿಲ್ಲಲಿಲ್ಲ. ವ್ಯಾಪಾರಕ್ಕೆ ‘ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪನಿ’ ಎಂಬ ಹೆಸರು ಬಂದಿತು. 1879ರಲ್ಲಿ ಅದು ಮನೆಯಿಂದ ಕಾರ್ಖಾನೆಗೆ ಹೋಯಿತು. ಆ ವರ್ಷವೇ 131 ಪದ್ಯಗಳ ಒಂದು ಪುಸ್ತಿಕೆ ಪ್ರಕಟವಾಯಿತು. ಓಲೆಯ ಚಿತ್ರ ಮೆಚ್ಚಿಗೆಯಾಗಿ ಪದ್ಯ ಒಪ್ಪದಿದ್ದರೆ, ಕೊಳ್ಳುವವರು ಬೇರೊಂದನ್ನು ಆರಿಸಿ ಅದರ ಮೇಲೆ ಅಂಟಿಸಿಕೊಳ್ಳಬಹುದಾಗಿತ್ತು. ವರ್ತಕನ ಮಗಳಲ್ಲದೆ ಮತ್ತಾರಿಗೆ ಇದು ಹೊಳೆದೀತು!

ಅಷ್ಟರಲ್ಲಿ ತಂದೆ ಕಾಯಿಲೆ ಬಿದ್ದನು. ಅವನ ಶುಶ್ರೂಷೆಗಾಗಿ ಅವಿವಾಹಿತೆಯಾಗಿದ್ದ ಮಗಳು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಟ್ಟಿದ್ದ ವ್ಯಾಪಾರವನ್ನು 1881ರ ಸುಮಾರಿಗೆ ಅದೇ ಊರಿನ ಜಾರ್ಜ್ ವಿಟ್ನಿ ಎಂಬ ವ್ಯಾಪಾರಿಗೆ ಮಾರಿಬಿಟ್ಟಳು. ಇದಕ್ಕಾಗಿ ಆಕೆ ಮರುಗಿದಳೋ ಇಲ್ಲವೋ, ನಾವು ಊಹಿಸುವುದು ಉಚಿತವಲ್ಲ. ವಿಟ್ನಿ ಜಾಲರಿಯ ಕಾಗದವನ್ನು ಒತ್ತುವ ಯಂತ್ರಗಳನ್ನು ತನ್ನಲ್ಲಿಯೇ ಹೂಡಿದನು. ಇಂಗ್ಲೆಂಡಿನಿಂದ ತರಿಸುವುದು ತಪ್ಪಿತು. ಹೌಲೆಂಡ್ 1904ರಲ್ಲಿ ತೀರಿಕೊಂಡಳು. ವಿಟ್ನಿಯ ಕಂಪನಿ 1942ರವರೆಗೆ ನಡೆದು, ಯುದ್ಧಕಾಲದ ಕಾಗದದ ಅಭಾವದಲ್ಲಿ ಮುಚ್ಚಿಹೋಯಿತು.