ನದಿಯ ಹೂಳಿನಿಂದ ಮಾಲಿನ್ಯಕಾರಕಗಳ ಬಿಡುಗಡೆ

ನದಿಯ ತಳದಲ್ಲಿ ಶೇಖರಗೊಂಡ ಹೂಳು ಕದಡಿದಾಗ, ಅದರಲ್ಲಿ ಸೇರಿಕೊಂಡಿದ್ದ ರಾಸಾಯನಿಕಗಳು ಮರಳಿ ನೀರಿಗೆ ಬರುವ ಪ್ರಕ್ರಿಯೆಯನ್ನು ಹೂಳಿನಿಂದ ಮಾಲಿನ್ಯಕಾರಕಗಳ ಬಿಡುಗಡೆ ಎನ್ನುತ್ತಾರೆ. ಕಾರ್ಖಾನೆಯ ತ್ಯಾಜ್ಯ ನದಿಗೆ ಸೇರುವುದು ನಿಂತು ದಶಕಗಳು ಕಳೆದ ಮೇಲೂ ನೀರು ಮತ್ತು ಮೀನುಗಳು ಕಲುಷಿತವಾಗಿರಲು ಇದು ಒಂದು ಕಾರಣ.

== ಶೇಖರಣೆ ==
ನೀರಿನಲ್ಲಿ ಸುಲಭವಾಗಿ ಕರಗದ ಅನೇಕ ಮಾಲಿನ್ಯಕಾರಕಗಳು ಜೇಡಿಮಣ್ಣಿನ ಸೂಕ್ಷ್ಮ ಕಣಗಳಿಗೂ ಕೊಳೆತ ಜೈವಿಕ ಪದಾರ್ಥಗಳಿಗೂ ಅಂಟಿಕೊಂಡು, ಹರಿವು ಮಂದವಾದ ಕಡೆ ತಳಕ್ಕಿಳಿಯುತ್ತವೆ. ಹೂಳಿನ ಒಳಪದರಗಳಲ್ಲಿ ಸಾಮಾನ್ಯವಾಗಿ ಆಮ್ಲಜನಕವಿರುವುದಿಲ್ಲ. ಅಲ್ಲಿ ಕ್ಯಾಡ್ಮಿಯಂ, ಸತು, ಸೀಸ, ತಾಮ್ರ ಮೊದಲಾದ ಲೋಹಗಳು ಗಂಧಕದೊಡನೆ ಸೇರಿ, ಕರಗದ ಸಲ್ಫೈಡ್‌ಗಳಾಗಿ ಉಳಿಯುತ್ತವೆ.

== ಬಿಡುಗಡೆಯ ಬಗೆ ==
ಪ್ರವಾಹ, ಹಡಗುಗಳ ಸಂಚಾರ, ಹೂಳೆತ್ತುವಿಕೆ, ಅಣೆಕಟ್ಟಿನ ತೆರವು, ತಳದಲ್ಲಿ ಬಿಲ ಕೊರೆಯುವ ಜೀವಿಗಳ ಚಟುವಟಿಕೆ ಇವುಗಳಿಂದ ಹೂಳು ಕದಡುತ್ತದೆ. ಆಗ ಕಣಗಳ ನಡುವೆ ನಿಂತಿದ್ದ ಕಲುಷಿತ ನೀರು ನದಿಯೊಡನೆ ಬೆರೆಯುತ್ತದೆ. ಆಮ್ಲಜನಕದ ಸಂಪರ್ಕದಿಂದ ಸಲ್ಫೈಡ್‌ಗಳು ಉತ್ಕರ್ಷಣಗೊಂಡು ಲೋಹಗಳು ಕರಗತೊಡಗುತ್ತವೆ. ಇದೇ ವೇಳೆ ಹೊಸದಾಗಿ ಉಂಟಾಗುವ ಕಬ್ಬಿಣದ ಆಕ್ಸೈಡ್ ಆ ಲೋಹಗಳ ಒಂದು ಭಾಗವನ್ನು ಮತ್ತೆ ಹೀರಿಕೊಳ್ಳುತ್ತದೆ. ಪಿಸಿಬಿಯಂತಹ ಸಾವಯವ ರಾಸಾಯನಿಕಗಳು ತೇಲುವ ಕಣಗಳೊಡನೆ ದೂರ ಸಾಗಿ, ಜಲಚರಗಳ ಕೊಬ್ಬಿನಲ್ಲಿ ಸಂಗ್ರಹವಾಗುತ್ತವೆ.

== ಹಡ್ಸನ್ ನದಿ ==
ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ಇದಕ್ಕೆ ಪ್ರಸಿದ್ಧ ನಿದರ್ಶನ. ಫೋರ್ಟ್ ಎಡ್ವರ್ಡ್ ಮತ್ತು ಹಡ್ಸನ್ ಫಾಲ್ಸ್‌ನಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಕೆಪಾಸಿಟರ್ ಕಾರ್ಖಾನೆಗಳಿಂದ 1977ರವರೆಗೆ ಸುಮಾರು 30 ವರ್ಷ ಪಿಸಿಬಿ ನದಿಗೆ ಸೇರಿತು. ಅದರ ಬಹುಭಾಗ ಫೋರ್ಟ್ ಎಡ್ವರ್ಡ್ ಅಣೆಕಟ್ಟಿನ ಹಿಂದಿನ ಹೂಳಿನಲ್ಲಿ ತಂಗಿತ್ತು. ಶಿಥಿಲವಾಗಿದ್ದ ಆ ಅಣೆಕಟ್ಟನ್ನು 1973ರಲ್ಲಿ ತೆಗೆದುಹಾಕಿದಾಗ ಕಲುಷಿತ ಹೂಳು ಕೆಳಪ್ರದೇಶಗಳಿಗೆ ಕೊಚ್ಚಿಹೋಯಿತು. 1976ರಲ್ಲಿ ಮೇಲ್ಭಾಗದ ಹಡ್ಸನ್‌ನಲ್ಲಿ ಮೀನುಗಾರಿಕೆಯನ್ನು ನಿಷೇಧಿಸಲಾಯಿತು.

ಹೂಳನ್ನು ಹಾಗೆಯೇ ಬಿಡಬೇಕೆ, ತೆಗೆಯಬೇಕೆ ಎಂಬ ಚರ್ಚೆ ದೀರ್ಘಕಾಲ ನಡೆಯಿತು. ತೆಗೆಯುವಾಗ ನೀರು ಇನ್ನಷ್ಟು ಕಲುಷಿತವಾಗಬಹುದೆಂಬುದು ವಿರೋಧಿಸಿದವರ ವಾದ. ಬಿಟ್ಟರೆ ಪ್ರತಿ ಪ್ರವಾಹದಲ್ಲೂ ಅಪಾಯ ಮರುಕಳಿಸುವುದೆಂಬುದು ಬೆಂಬಲಿಸಿದವರ ವಾದ. ಪರಿಸರ ಸಂರಕ್ಷಣಾ ಸಂಸ್ಥೆಯು 2002ರಲ್ಲಿ ಹೂಳೆತ್ತಲು ತೀರ್ಮಾನಿಸಿತು. 2009ರಲ್ಲಿ ಕಾಮಗಾರಿ ಆರಂಭವಾದಾಗ ನೀರಿನಲ್ಲಿ ಪಿಸಿಬಿ ಪ್ರಮಾಣ ನಿಗದಿತ ಮಿತಿಯನ್ನು ಮೀರಿದ್ದರಿಂದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹೂಳೆತ್ತುವ ಕಾರ್ಯ 2015ರಲ್ಲಿ ಮುಗಿಯಿತು.

== ನಿಯಂತ್ರಣ ==
ಹೂಳೆತ್ತುವ ಸ್ಥಳದ ಸುತ್ತ ಕಣಗಳನ್ನು ತಡೆಯುವ ಪರದೆ ಕಟ್ಟುವುದು, ಮುಚ್ಚಿದ ತೊಟ್ಟಿಯ ಯಂತ್ರಗಳನ್ನು ಬಳಸುವುದು ಮತ್ತು ನೀರನ್ನು ನಿರಂತರವಾಗಿ ಪರೀಕ್ಷಿಸುವುದು ರೂಢಿಯಲ್ಲಿರುವ ಕ್ರಮಗಳು. ಕೆಲವೆಡೆ ಹೂಳನ್ನು ತೆಗೆಯದೆ ಶುದ್ಧ ಮರಳಿನ ಪದರದಿಂದ ಮುಚ್ಚಲಾಗುತ್ತದೆ. ಆದರೆ ರಭಸದ ಪ್ರವಾಹ ಆ ಪದರವನ್ನು ಕೊರೆಯಬಲ್ಲದಾದ್ದರಿಂದ ಅದರ ಮೇಲೆ ದೀರ್ಘಕಾಲ ನಿಗಾ ಇಡುವುದು ಅಗತ್ಯ.