ಪುಟ್ಟ ನಾಯಿಯ ದಂತ ಚಿಕಿತ್ಸೆ: ಅರಿವಳಿಕೆಗೆ ಮುನ್ನ ಉಪವಾಸ ಎಷ್ಟು?

ಪಾಮರೇನಿಯನ್, ಚಿವಾವಾದಂತಹ ಪುಟ್ಟ ತಳಿಗಳ ಕಿರಿದಾದ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುವುದರಿಂದ ವಸಡಿನ ರೋಗ ಬೇಗ ತಗಲುತ್ತದೆ. ವಸಡಿನಡಿ ಗಟ್ಟಿಕಟ್ಟಿದ ಕೊಳೆ ತೆಗೆಯಲು, ಎಕ್ಸ್-ರೇ ಪಡೆಯಲು ಪೂರ್ಣ ಅರಿವಳಿಕೆ ಅನಿವಾರ್ಯ. ಎಚ್ಚರವಿದ್ದಾಗಲೇ ಹಲ್ಲು ಕೆರೆಯಿಸುವುದು ಹೊರನೋಟದ ಅಂದಕ್ಕಷ್ಟೇ.

ಹಿಂದಿನ ರಾತ್ರಿಯಿಂದಲೇ ಉಪವಾಸವಿರಿಸುವ ರೂಢಿ ದೊಡ್ಡ ನಾಯಿಗೆ ನಡೆದೀತು. ಪುಟ್ಟದಕ್ಕೆ ಅದೇ ಅಪಾಯ. ದೇಹದಲ್ಲಿ ಶಕ್ತಿಯ ದಾಸ್ತಾನು ಕಡಿಮೆಯಾದ್ದರಿಂದ ರಕ್ತದ ಸಕ್ಕರೆ ಕುಸಿದು ನಡುಕ, ಸೆಳೆತ ಕಾಣಿಸಿಕೊಳ್ಳಬಹುದು. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘವು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಆರೋಗ್ಯವಂತ ವಯಸ್ಕ ನಾಯಿಗೆ 4ರಿಂದ 6 ಗಂಟೆ ಆಹಾರ ತಡೆದರೆ ಸಾಕು. ತೂಕ 2 ಕಿಲೋಗಿಂತ ಕಡಿಮೆಯಿದ್ದರೆ 1ರಿಂದ 2 ಗಂಟೆಯನ್ನು ಮೀರಕೂಡದು. ನೀರಿಗೆ ಅಡ್ಡಿಯಿಲ್ಲ. ಮಧುಮೇಹವಿದ್ದರೆ ಈ ಲೆಕ್ಕವೇ ಬೇರೆ. ಅದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಯಕೃತ್ತು, ಮೂತ್ರಪಿಂಡಗಳ ಸ್ಥಿತಿ ಅರಿಯಲು ರಕ್ತ ಪರೀಕ್ಷೆ ಮೊದಲೇ ಆಗಿರಬೇಕು. ವಯಸ್ಸಾದ ಪುಟ್ಟ ತಳಿಗಳಲ್ಲಿ ಹೃದಯದ ಕವಾಟ ಸೋರುವುದು ಸಾಮಾನ್ಯ. ಹೀಗಾಗಿ ಕೆಮ್ಮು, ಬಳಲಿಕೆ, ನಿತ್ಯ ಕೊಡುವ ಮಾತ್ರೆಗಳ ವಿವರವನ್ನು ಮಾಲೀಕರು ತಪ್ಪದೆ ತಿಳಿಸತಕ್ಕದ್ದು. ಸಣ್ಣ ದೇಹ ಅರಿವಳಿಕೆಯಲ್ಲಿ ಬೇಗ ತಣ್ಣಗಾಗುತ್ತದೆ. ಮರಳುವಾಗ ಹೊದಿಸಲು ಬೆಚ್ಚನೆಯ ಬಟ್ಟೆ ಜೊತೆಗಿರಲಿ.