ಪರದೆಯ ಮಳೆ, ಬೀದಿಯ ಮಳೆ

ಪುಣೆಯ ಶಿವಾಜಿನಗರದಲ್ಲಿ ಜನರು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುವ ಕಟ್ಟಡವೊಂದಿದೆ. ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದುದರಿಂದ ಆ ಹೆಸರು. 1944ರಲ್ಲಿ ಕೇಂದ್ರ ಕಚೇರಿ ದೆಹಲಿಗೆ ಹೋಯಿತು, ಹೆಸರು ಉಳಿಯಿತು. ದೇಶದ ಮಳೆಯ ಲೆಕ್ಕವನ್ನು ಇಷ್ಟು ಹತ್ತಿರದಿಂದ ಬಲ್ಲ ಊರಿನಲ್ಲಿಯೂ, ತನ್ನದೇ ನಾಳಿನ ಮಳೆಯನ್ನು ಪರದೆಯ ಮೇಲೆ ಕಾಣುವ ಭಾಗ್ಯ ತಡವಾಗಿ ಬಂದಿತು.

ಈ ಕಥೆಯಲ್ಲಿ 1982 ಗಮನಾರ್ಹ ವರ್ಷ. ಆ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಹವಾಮಾನಕ್ಕೇ ಮೀಸಲಾದ ‘ದಿ ವೆದರ್ ಚಾನೆಲ್’ ಆರಂಭವಾಯಿತು. ಅದರ ಉಪಗ್ರಹ ಸಂಕೇತ ದೇಶಕ್ಕೆಲ್ಲ ಒಂದೇ. ಆದರೆ ಊರೂರಿನ ಕೇಬಲ್ ಕಚೇರಿಯಲ್ಲಿದ್ದ ‘ವೆದರ್ ಸ್ಟಾರ್’ ಎಂಬ ಯಂತ್ರವು ಆ ಸಂಕೇತದೊಳಗಿಂದ ತನ್ನ ಊರಿನ ಮಾಹಿತಿಯನ್ನಷ್ಟೇ ಆರಿಸಿ ಪರದೆಯ ಮೇಲೆ ಬರೆಯುತ್ತಿತ್ತು. ಮೊದಲಿಗೆ ಬರಿಯ ಅಕ್ಷರಗಳು. 1990ರ ಹೊತ್ತಿಗೆ ಬಣ್ಣದ ನಕ್ಷೆ, ಚಿತ್ರಗಳೂ ಬಂದವು.

ಅದೇ ವರ್ಷದ ಆಗಸ್ಟ್ 15ರಂದು ನಮ್ಮ ದೂರದರ್ಶನ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅಲ್ಲಿ ಒಂದು ಸಂಕೇತವನ್ನು ನೂರಾರು ಊರುಗಳಿಗೆ ಹಂಚುವ ಯತ್ನ. ಇಲ್ಲಿ ನೂರಾರು ಊರುಗಳನ್ನು ಒಂದೇ ಪರದೆಗೆ ಕೂಡಿಸುವ ಯತ್ನ. ಮರುವರ್ಷ ಆಗಸ್ಟಿನಲ್ಲಿ ಇನ್ಸಾಟ್-1ಬಿ ಕಕ್ಷೆ ಸೇರಿದ ಮೇಲೆ ಮೋಡಗಳ ಚಿತ್ರ ಮನೆಮನೆಗೆ ಪರಿಚಿತವಾಯಿತು. ಇಡೀ ಉಪಖಂಡವನ್ನು ಒಮ್ಮೆಗೇ ನೋಡುವ ಆ ಬೆರಗು ಸಣ್ಣದಲ್ಲ. ಆದರೆ ಆ ಚಿತ್ರದಲ್ಲಿ ನಮ್ಮ ಬೀದಿ ಎಲ್ಲಿದೆ ಎಂದು ಕೇಳುವಂತಿರಲಿಲ್ಲ.

ಮುನ್ಸೂಚನೆಯ ಘಟಕವೇ ದೊಡ್ಡದಿತ್ತು. ಪುಣೆಯು ‘ಮಧ್ಯ ಮಹಾರಾಷ್ಟ್ರ’ ಉಪವಿಭಾಗಕ್ಕೆ ಸೇರುತ್ತದೆ. ಮಳೆ ಸುರಿಯುವ ಮಹಾಬಳೇಶ್ವರವೂ ಬಿಸಿಲು ಕಾಯುವ ಸೊಲ್ಲಾಪುರವೂ ಅದರೊಳಗೇ ಇವೆ. ನಮ್ಮ ‘ದಕ್ಷಿಣ ಒಳನಾಡು’ ಆಗುಂಬೆಯನ್ನೂ ಚಿತ್ರದುರ್ಗವನ್ನೂ ಒಂದೇ ಕಂಬಳಿಯಡಿ ಮಲಗಿಸುವುದಿಲ್ಲವೆ, ಹಾಗೆ. ಆದರೂ ಆ ಹಳೆಯ ಪದ್ಧತಿಗೆ ಒಂದು ಪ್ರಾಮಾಣಿಕತೆಯಿತ್ತು. ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು ಬಾಯಿಗೆ ಬಂದಂತೆ ಆಡಿದವಲ್ಲ. ಪ್ರದೇಶದ ಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ, 50ರವರೆಗೆ, 75ರವರೆಗೆ, ಅದಕ್ಕೂ ಮೇಲೆ ಎಂಬ ನಿಶ್ಚಿತ ಅರ್ಥ ಅವಕ್ಕಿದೆ. ನಿಮ್ಮೂರಿಗೆ ಬಾರದೆಯೂ ಇರಬಹುದು ಎಂಬ ಎಚ್ಚರ ಆ ಮಾತಿನಲ್ಲೇ ಅಡಗಿತ್ತು.

ಹೊಸ ಪದ್ಧತಿ ಬೇರೆ ದಾರಿಯಲ್ಲಿ ಬಂದಿತು. ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ಸಫರ್’ ವ್ಯವಸ್ಥೆ 2013ರಲ್ಲಿ ಪುಣೆಗೆ ಬಂದಾಗ, ಗಾಳಿಯ ಗುಣಮಟ್ಟ ಮತ್ತು ಹವಾಮಾನದ ವಿವರ ರಸ್ತೆಬದಿಯ ಎಲ್‌ಇಡಿ ಫಲಕಗಳಲ್ಲಿ ಬೆಳಗಿತು. 2020ರಲ್ಲಿ ‘ಮೌಸಮ್’ ಆ್ಯಪ್ ಬಂದು ಮುನ್ಸೂಚನೆ ಅಂಗೈಗೆ ಇಳಿಯಿತು. ಈಗ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳು ಮಾತನಾಡುತ್ತವೆ: ಚಿಂತೆಯಿಲ್ಲ, ಗಮನವಿರಲಿ, ಸಿದ್ಧರಾಗಿ, ಕ್ರಮ ಕೈಗೊಳ್ಳಿ. ಹಳೆಯ ಮಾತು ಮಳೆ ಎಷ್ಟು ಕಡೆ ಎಂದು ಹೇಳುತ್ತಿತ್ತು; ಹೊಸ ಬಣ್ಣ ನೀವೇನು ಮಾಡಬೇಕು ಎಂದು ಹೇಳುತ್ತದೆ.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಹರಿದುಬರುವ ಅಂಬಿಲ್ ಓಢಾ ಉಕ್ಕಿ, ಸಹಕಾರನಗರ, ಅರಣ್ಯೇಶ್ವರದ ಆಸುಪಾಸಿನ ವಸತಿಗಳಿಗೆ ನುಗ್ಗಿತು. ಹಲವರು ಪ್ರಾಣ ಕಳೆದುಕೊಂಡರು. ಒಂದೇ ನಗರದೊಳಗೆ ಒಂದು ಹಳ್ಳದ ದಂಡೆಗೆ ಬೇಕಾದ ಎಚ್ಚರಿಕೆ ಇನ್ನೊಂದು ಬಡಾವಣೆಗೆ ಬೇಕಾಗಿರುವುದಿಲ್ಲ.

ಇಲ್ಲಿ ಹೊರನಾಡಿನವರಾದ ನಮಗೆ ಮತ್ತೊಂದು ತೊಡಕಿದೆ. ಡಿಟಿಎಚ್ ತಟ್ಟೆ ನಮ್ಮ ಮನೆಗಳಿಗೆ ಕನ್ನಡ ವಾಹಿನಿಗಳನ್ನು ತಂದುಕೊಟ್ಟಿತು. ಬೆಂಗಳೂರಿಗೆ ಕಳಿಸಿದ ಚಿತ್ರವನ್ನೇ ಅದು ಪುಣೆಗೂ ಕಳಿಸುತ್ತದೆ. ಊರಿಗೆ ತಕ್ಕಂತೆ ಆರಿಸಿ ಕೊಡುವ ವೆದರ್ ಸ್ಟಾರ್ ಅದರೊಳಗಿಲ್ಲ. ಹೀಗಾಗಿ ಮರಾಠಿ ಬಾರದ ನಮ್ಮ ಹಿರಿಯರು ಕರಾವಳಿಯ ಮಳೆಯನ್ನು ಚೆನ್ನಾಗಿ ಬಲ್ಲರು, ಮುಠಾ ನದಿಯ ಏರಿಕೆಯನ್ನು ಅರಿಯರು. ಭಾಷೆ ನಮ್ಮದಾದ ಪರದೆಯಲ್ಲಿ ಮಳೆ ನಮ್ಮದಲ್ಲ; ಮಳೆ ನಮ್ಮದಾದ ಪರದೆಯಲ್ಲಿ ಭಾಷೆ ನಮ್ಮದಲ್ಲ.

ಈ ಅಂತರವನ್ನು ಯಂತ್ರ ತುಂಬುವವರೆಗೆ ನಾವೇ ತುಂಬಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿತ್ತಳೆ ಅಥವಾ ಕೆಂಪು ಬಣ್ಣ ಕಂಡ ದಿನ, ನಮ್ಮ ಸಂಘದ ಬಳಗಗಳಲ್ಲಿ ಅದರ ಅರ್ಥವನ್ನು ಎರಡು ಸಾಲು ಕನ್ನಡದಲ್ಲಿ ಬರೆದು ಹಂಚಲು ಹೆಚ್ಚು ಹೊತ್ತು ಬೇಕಿಲ್ಲ. ಹೊಳೆದಂಡೆಯಲ್ಲಿ ಒಂಟಿಯಾಗಿರುವ ಹಿರಿಯರಿಗಾದರೆ ಫೋನನ್ನೇ ಮಾಡಬೇಕು.